ಕಾಜಾದವಳ ಒಂಬತ್ತು ಚಿತ್ರಗಳು

ಗೀಚಕ್ಕನ ಕೆಲಸವೇ ತಪ್ಪು ಹುಡುಕುವುದು. ಶರ್ಟು ಹೊಲಿಯುವ ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಒಂದು ಕಡೆಯಿಂದ ಇಸ್ತ್ರಿಯ ಹಬೆ, ಇನ್ನೊಂದು ಕಡೆಯಿಂದ ಯಂತ್ರಗಳ ಗದ್ದಲ ಬಂದು ಬೀಳುವ ಮೂಲೆಯಲ್ಲಿ ಅವಳ ಮೇಜು. ಹೊಲಿದು ಮುಗಿದ ಶರ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರಿನಿಂದ ಅಂಚಿನವರೆಗೆ ಕಣ್ಣಾಡಿಸಿ, ಸಡಿಲ ದಾರವೋ ಸೊಟ್ಟ ಹೊಲಿಗೆಯೋ ಎಣ್ಣೆಯ ಕಲೆಯೋ ಕಂಡ ಜಾಗಕ್ಕೆ ಒಂದು ಸಣ್ಣ ಕೆಂಪು ಬಾಣದ ಸ್ಟಿಕರ್ ಅಂಟಿಸಿ ಬುಟ್ಟಿಗೆ ಎಸೆಯಬೇಕು. ಬುಟ್ಟಿಗೆ ಬಿದ್ದ ಶರ್ಟನ್ನು ಹೊಲಿದವಳೇ ಬಿಚ್ಚಿ ಮತ್ತೆ ಹೊಲಿಯಬೇಕು, ಅದೂ ತನ್ನ ಊಟದ ಹೊತ್ತಿನಲ್ಲಿ. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವಳನ್ನು ಕಂಡರೆ ಯಾರಿಗೆ ತಾನೇ ಆಗುತ್ತದೆ? ಅವಳು ನಡೆದು ಬಂದರೆ ಸಾಲಿನ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅವಳಿಗೂ ಅವರ ಮಾತು ಬೇಕಿರಲಿಲ್ಲ. ಬೇಕಾದದ್ದು ಅವರ ಮುಖ, ಬೆನ್ನು, ಕೈಕಾಲು.

ಗೀಚಕ್ಕ ಎನ್ನುವುದು ಅವರೇ ಇಟ್ಟ ಹೆಸರು. ಶರ್ಟು ಮಡಿಸುವಾಗ ಬೆನ್ನಿಗೆ ಒಂದು ರಟ್ಟು ಇಡುತ್ತಾರಲ್ಲ, ಒಂದು ಬದಿ ಬಿಳಿ, ಇನ್ನೊಂದು ಬದಿ ಬೂದು, ಅಂಥದ್ದರಲ್ಲಿ ಮೂಲೆ ಮುರಿದದ್ದು, ನೀರು ಬಿದ್ದದ್ದು ದಿನಕ್ಕೆ ನಾಲ್ಕಾರು ಕಸಕ್ಕೆ ಹೋಗುತ್ತಿದ್ದವು. ಅವನ್ನು ಎತ್ತಿಟ್ಟುಕೊಂಡು ಊಟದ ಹೊತ್ತಿನಲ್ಲಿ ಮೊಣಕಾಲ ಮೇಲಿಟ್ಟು ಬಾಲ್‌ಪೆನ್ನಿನಲ್ಲಿ ಚಿತ್ರ ಬರೆಯುತ್ತಿದ್ದಳು. ಯಂತ್ರದ ಮೇಲೆ ಬಾಗಿದ ಕತ್ತು, ಚಪ್ಪಲಿ ಕಳಚಿ ಪೆಡಲಿನ ಪಕ್ಕ ಇಟ್ಟ ಕಾಲು, ಬಟ್ಟೆಯ ಮೂಟೆಗೆ ಒರಗಿ ನಿಂತಲ್ಲೇ ತೂಕಡಿಸುವ ಇಸ್ತ್ರಿಯವಳು, ನೀರಿನ ನಲ್ಲಿಯ ಮುಂದಿನ ಜಗಳ. ಯಾರೂ ಕಲಿಸಿದ್ದಲ್ಲ. ಚಿಕ್ಕವಳಿದ್ದಾಗ ಇದ್ದಿಲಿನಲ್ಲಿ ಗೋಡೆ ತುಂಬ ಮುಖ ಬರೆದಿದ್ದಕ್ಕೆ ಅವಳ ತಾಯಿ, ಬರೆಯೋ ಕೈಗೆ ಬರೆ ಹಾಕ್ತೀನಿ ಎಂದು ಬಿಸಿ ಸೌಟು ಹಿಡಿದು ಅಟ್ಟಿಸಿಕೊಂಡು ಬಂದಿದ್ದಳು. ಏಳನೇ ಕ್ಲಾಸಿಗೆ ಓದು ನಿಂತಿತು, ಗೀಚುವುದು ನಿಲ್ಲಲಿಲ್ಲ. ಕಾರ್ಖಾನೆಗೆ ಸೇರಿದ ಮೇಲೆ ತನ್ನ ಚಿತ್ರವನ್ನೂ ಶರ್ಟಿನ ಹಾಗೆಯೇ ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಮೊಣಕೈ ತಪ್ಪಿದ್ದರೆ ಅಲ್ಲಿಗೊಂದು ಕೆಂಪು ಬಾಣ, ತಲೆ ದೊಡ್ಡದಾಗಿದ್ದರೆ ಅಲ್ಲಿಗೊಂದು ಬಾಣ ಅಂಟಿಸಿ, ಮರುದಿನ ಬೇರೆ ರಟ್ಟಿನಲ್ಲಿ ಮತ್ತೆ ಬರೆಯುತ್ತಿದ್ದಳು. ಹಾಗೆ ಮಾಡಿ ಮಾಡಿ ಐದಾರು ವರ್ಷಕ್ಕೆ ಬಾಣ ಅಂಟಿಸಲು ಜಾಗ ಸಿಗದಂತಾಯಿತು.

ಗಂಡ ಎನ್ನುವವನು ಮೂರು ವರ್ಷ ಇದ್ದ. ತಾನು ಬಾಯಿ ತೆರೆದುಕೊಂಡು ಮಲಗಿದ್ದನ್ನು ಹೆಂಡತಿ ಬರೆದಿಟ್ಟಿದ್ದಾಳೆ ಎಂದು ಗೊತ್ತಾದ ದಿನ ಅವಳಿಗೆ ಎರಡು ಬಿಗಿದು, ಮುಂದಿನ ತಿಂಗಳು ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ. ಆ ರಟ್ಟನ್ನೂ ಅವಳು ಎಸೆಯಲಿಲ್ಲ, ಮೂಗು ಚೆನ್ನಾಗಿ ಬಂದಿತ್ತು. ಆಮೇಲೆ ತಮ್ಮನ ಮನೆಯೇ ಗತಿ. ಎರಡು ಕೋಣೆಯ ಮನೆಯಲ್ಲಿ ಹಿಂದಿನ ಕೋಣೆಯ ಅರ್ಧ ಅವಳದು, ಇನ್ನರ್ಧ ಪಾತ್ರೆಪಗಡೆ, ಹಳೇ ಟ್ರಂಕುಗಳದು. ತಮ್ಮ ಬಾಯಿಲ್ಲದವನು. ಅವನ ಹೆಂಡತಿಗೆ ಇಬ್ಬರಿಗಾಗುವಷ್ಟು ಬಾಯಿ. ಮಂಚದ ಕೆಳಗೆ ಇನ್ನೂರು ರಟ್ಟು ಸೇರಿದ್ದನ್ನು ನೋಡಿ ಅವಳು ಕೇರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು: "ಮನೇಲಿ ಇರೋರಿಗೇ ಜಾಗ ಇಲ್ಲ. ಇವಳು ಊರ ಮಂದಿನೆಲ್ಲ ತಂದು ಮಂಚದ ಕೆಳಗೆ ಮಲಗಿಸಿದಾಳೆ."

ಕಾರ್ಖಾನೆಯಲ್ಲಿ ಗೀಚಕ್ಕನ ಪಕ್ಕ ಕೂತು ಉಣ್ಣುತ್ತಿದ್ದವಳು ಒಬ್ಬಳೇ, ಕಾಜಾದವಳು. ಗುಂಡಿ ತೂರಿಸುವ ತೂತಿಗೆ ಸುತ್ತ ದಾರ ಹೊಲಿಯುವ ಕಾಜಾ ಯಂತ್ರದಲ್ಲಿ ಅವಳ ಕೆಲಸ. ಅವಳ ಯಂತ್ರ ಹಳೆಯದು, ಕೆ-೧೧ ಎಂದು ಹಳದಿ ಬಣ್ಣದಲ್ಲಿ ಬರೆದದ್ದು. ಉಳಿದ ಯಂತ್ರಗಳನ್ನು ಕಾಲಿನಲ್ಲಿ ಒತ್ತಿದರಾಯಿತು. ಇದಕ್ಕೆ ಬಲಗಡೆ ಒಂದು ಕಬ್ಬಿಣದ ಹಿಡಿ, ಒಂದೊಂದು ಕಾಜಾಕ್ಕೂ ಅಂಗೈಯಲ್ಲಿ ಒತ್ತಿ ಇಳಿಸಬೇಕು. ಒಂದು ಶರ್ಟಿಗೆ ಏಳು ಕಾಜಾ, ಗಂಟೆಗೆ ಅರವತ್ತು ಶರ್ಟು. ಆರು ವರ್ಷದಲ್ಲಿ ಅವಳ ಬಲಗೈಯ ಎರಡು ಬೆರಳು ಜೋಮು ಹಿಡಿದು ಸತ್ತಂತಾದವು. ಮೊದಲು ಹಿಡಿಗೆ ಒಂದು ಚಿಂದಿ ಸುತ್ತಿದಳು, ಆಮೇಲೆ ಮಣಿಕಟ್ಟಿಗೂ ಸುತ್ತಿದಳು, ಕೊನೆಗೆ ಯಾರೂ ನೋಡದಿದ್ದಾಗ ದೇಹ ಪೂರ್ತಿ ತಿರುಗಿಸಿ ಎಡಗೈಯಲ್ಲಿ ಒತ್ತತೊಡಗಿದಳು. ಕೈ ಹೋದದ್ದು ಗೊತ್ತಾದರೆ ಕೆಲಸವೂ ಹೋಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅವಳನ್ನು ಗೀಚಕ್ಕ ಆರು ವರ್ಷದಲ್ಲಿ ಒಂಬತ್ತು ಸಲ ಬರೆದಿದ್ದಳು. ಒಂದು ದಿನ ಕಾಜಾದವಳು ರಟ್ಟನ್ನು ನೋಡಿ, ಮುಖ ಬೇಕಾದರೆ ಬರಿ, ಕೈ ಒಂದು ಬಿಡು ಎಂದು ಕೇಳಿಕೊಂಡಿದ್ದಳು. ಗೀಚಕ್ಕ ಹೂಂ ಅಂದಳು. ಆದರೆ ಆ ಚಿತ್ರದಲ್ಲಿ ಇದ್ದದ್ದೇ ಆ ಕೈ. ಮುಖ ಅದರ ಹಿಂದೆ ಎಲ್ಲೋ ಇತ್ತು. ಅವಳು ಕೈಯನ್ನೇ ಬರೆದಳು, ಚಿಂದಿಯ ಎಳೆ ಎಳೆಯನ್ನೂ ಬಿಡದೆ.

ಇದೆಲ್ಲ ಮಂಚದ ಕೆಳಗೇ ಇದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಕಾರ್ಖಾನೆಗೆ ವೆಲ್‌ಫೇರ್ ಮೇಡಂ ಎಂದು ಹೊಸಬಳೊಬ್ಬಳು ಬಂದಳು. ಶರ್ಟು ಕೊಳ್ಳುವ ದೊಡ್ಡ ಕಂಪನಿಯವರು ಮುಂದಿನ ತಿಂಗಳು ನೋಡಲು ಬರುತ್ತಾರೆ, ಊಟದ ಹಾಲಿನ ಗೋಡೆ ಬೋಳಾಗಿದೆ ಎಂದು ಅವಳಿಗೆ ಚಿಂತೆ. ಗೀಚಕ್ಕನ ಮಡಿಲಲ್ಲಿ ಒಂದು ರಟ್ಟು ಕಂಡದ್ದೇ ತಡ, ಹತ್ತಿರ ಕೂತು ನೋಡಿದಳು, ಇನ್ನೂ ಇದೆಯಾ, ಗೋಡೆಗೆ ಹಾಕೋಣ ತನ್ನಿ ಎಂದಳು, ನೀವು ಆರ್ಟಿಸ್ಟ್ ಕಣ್ರೀ ಎಂದಳು. ನಲವತ್ತೇಳು ವರ್ಷದಲ್ಲಿ ಗೀಚಕ್ಕನಿಗೆ ಯಾರೂ ರೀ ಹಚ್ಚಿ ಮಾತಾಡಿಸಿರಲಿಲ್ಲ. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಭಾನುವಾರ ರಟ್ಟುಗಳನ್ನೆಲ್ಲ ಹೊರಗೆಳೆದು ಆರಿಸಲು ಕೂತಳು. ಅವುಗಳಲ್ಲಿ ಹನ್ನೊಂದು ಇನ್‌ಚಾರ್ಜ್‌ನವು. ಮಹಡಿಯ ಮೇಲ್ವಿಚಾರಣೆಯ ಈ ಮನುಷ್ಯ ಹೆಂಗಸರ ಮುಖಕ್ಕೆ ಬಟ್ಟೆಯ ಕಟ್ಟು ಎಸೆಯುವುದು, ಶೌಚಾಲಯದ ಬಾಗಿಲ ಮುಂದೆ ನಿಂತು ಗಡಿಯಾರ ನೋಡುವುದು, ಬಸುರಿಯೊಬ್ಬಳ ಕುರ್ಚಿಯನ್ನು ಎಳೆದುಕೊಂಡು ಹೋಗುವುದು, ಎಲ್ಲ ಇದ್ದವು. ಒಂದರಲ್ಲಿ ಅವನು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕಾಜಾದವಳ ಹಿಂದೆ ನಿಂತಿದ್ದ, ಅವಳು ಚಿಂದಿ ಸುತ್ತಿದ ಕೈಯಲ್ಲಿ ಹಿಡಿ ಒತ್ತುತ್ತಿದ್ದಳು. ಈ ಹನ್ನೊಂದನ್ನೂ ಗೀಚಕ್ಕ ತೆಗೆದು ಹಾಸಿಗೆಯ ಕೆಳಗೆ ತುರುಕಿದಳು. ಹೆದರಿಕೆಯೇ, ಬೇರೇನಲ್ಲ. ಉಳಿದದ್ದರಲ್ಲಿ ಚೆನ್ನಾಗಿ ಬಂದ ನಲವತ್ತನ್ನು ಕಟ್ಟಿಕೊಂಡಳು. ಕಾಜಾದವಳ ಕೈಯ ಚಿತ್ರವನ್ನು ಎರಡು ಸಲ ಕೆಳಗಿಟ್ಟು ಮೂರನೇ ಸಲ ಕಟ್ಟಿಗೆ ಸೇರಿಸಿದಳು. ಅದಕ್ಕಿಂತ ಚೆನ್ನಾದದ್ದು ಅವಳ ಬಳಿ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಊಟದ ಹಾಲಿಗೆ ಬಂದ ಮುನ್ನೂರು ಹೆಂಗಸರು ಗೋಡೆಯ ಮೇಲೆ ತಮ್ಮನ್ನು ತಾವು ಕಂಡರು. ಮೊದಲು ನಗು. ಅಯ್ಯೋ ನಿನ್ನ ಹಿಂಭಾಗ ನೋಡೇ, ಇದು ನಿಮ್ಮತ್ತೆ ಥರ ಇದೆಯಲ್ಲೇ ಎಂದು ಒಬ್ಬರ ಮೇಲೊಬ್ಬರು ಬಿದ್ದರು. ನಗು ನಿಂತದ್ದು ಇನ್‌ಚಾರ್ಜ್ ಬಂದಾಗ. ಅವನು ನಗಲಿಲ್ಲ, ಬಯ್ಯಲೂ ಇಲ್ಲ. ಸಣ್ಣ ನೋಟ್‌ಬುಕ್ ತೆಗೆದು, ಒಂದೊಂದು ರಟ್ಟಿನ ಮುಂದೆಯೂ ನಿಂತು ಬರೆದುಕೊಂಡು ಹೋದ. ಗೀಚಕ್ಕನ ಕಣ್ಣು ತಪ್ಪು ಹುಡುಕುವ ಕಣ್ಣಲ್ಲವೇ, ಯಾವುದನ್ನೂ ಬಿಡುತ್ತಿರಲಿಲ್ಲ. ಪ್ರತಿ ಸಾಲಿನ ಹಿಂದೆ ಕಂಬಕ್ಕೆ ತೂಗಿದ ಕಪ್ಪು ಹಲಗೆಯನ್ನೂ ಅವಳು ಬರೆದಿದ್ದಳು. ಆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ತಾರೀಖು, ಎಷ್ಟನೇ ಗಂಟೆ, ಆ ಗಂಟೆಯ ಟಾರ್ಗೆಟ್, ಆದದ್ದೆಷ್ಟು ಎಲ್ಲ ಇರುತ್ತಿತ್ತು. ಚಿತ್ರದಲ್ಲೂ ಇತ್ತು. ಯಾರು, ಯಾವ ದಿನ, ಎಷ್ಟು ಗಂಟೆಗೆ ಮೂಟೆಯ ಹಿಂದೆ ಮಲಗಿದ್ದರು ಎನ್ನುವುದು ಕೈಬರಹದ ದೂರಿನಷ್ಟು ಸ್ಪಷ್ಟವಾಗಿ ಗೋಡೆಯ ಮೇಲಿತ್ತು.

ಗುರುವಾರದೊಳಗೆ ಐವರಿಗೆ ಮೆಮೊ ಬಂತು. ಕಾಜಾದವಳನ್ನು ಮೆಮೊ ಇಲ್ಲದೆಯೇ ಕರೆದರು. ಕಾರ್ಖಾನೆಯ ಡಾಕ್ಟರು ಅವಳ ಬೆರಳುಗಳಿಗೆ ಸೂಜಿ ಚುಚ್ಚಿ, ನೋವಾಗ್ತಿದೆಯಾ ಎಂದು ಕೇಳಿದರು, ಅವಳು ಹೌದು ಎಂದು ಸುಳ್ಳು ಹೇಳುವ ಹೊತ್ತಿಗೆ ಸೂಜಿ ತೆಗೆದಾಗಿತ್ತು. ಕೆಲಸಕ್ಕೆ ಯೋಗ್ಯಳಲ್ಲ ಎಂದು ಬರೆದುಕೊಟ್ಟರು. ಅವಳು ತನ್ನ ಡಬ್ಬಿ, ಕತ್ತರಿ, ಕೂರುವ ದಿಂಬು ಎತ್ತಿಕೊಂಡು ಸಾಲಿನ ನಡುವೆ ಹೊರಟಾಗ ಗೀಚಕ್ಕ ಮೇಜಿನಿಂದ ಎದ್ದು ನಿಂತಳು. ಕಾಜಾದವಳು ಅವಳ ಮುಂದೆಯೇ ಹಾದು ಹೋದಳು, ಕಂಬದ ಮುಂದೆ ಹಾದು ಹೋದ ಹಾಗೆ.

ಆಮೇಲೆ ಶುರುವಾಯಿತು. ಗೋಡೆಯ ಮೇಲಿನ ಕೆಲವು ರಟ್ಟುಗಳಿಗೆ ಯಾರೋ ಯಂತ್ರದ ಎಣ್ಣೆ ಬಳಿದರು. ಮೇಡಂ ಅವನ್ನು ಇಳಿಸಿ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಗೀಚಕ್ಕನ ಮೇಜಿನ ಕೆಳಗೆ ಇಡಿಸಿದಳು. ಗೀಚಕ್ಕನ ಡಬ್ಬಿಯಲ್ಲಿ ದಾರದ ತುಣುಕು ಸಿಕ್ಕಿತು, ಕುರ್ಚಿಯ ಮೇಲೆ ಮುರಿದ ಸೂಜಿ ಸಿಕ್ಕಿತು. ಅವಳು ಒಬ್ಬರನ್ನೂ ಕೇಳಲಿಲ್ಲ. ಬದಲಿಗೆ ಇನ್ನಷ್ಟು ಬಿಗಿಯಾಗಿ ಶರ್ಟು ನೋಡಿದಳು. ಮೊದಲು ನೂರಕ್ಕೆ ಆರು ವಾಪಸು ಹೋಗುತ್ತಿದ್ದರೆ ಈಗ ಹದಿನಾಲ್ಕು. ಅವರು ಒಂದು ಅಂದರೆ ಇವಳು ಎರಡು ಅನ್ನುತ್ತಿದ್ದಳು, ಬಾಯಲ್ಲಲ್ಲ, ಬಾಣದಲ್ಲಿ. ತಪ್ಪು ತನ್ನದೂ ಇದೆ ಎಂಬುದು ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತಿತ್ತು. ಆ ಕಲ್ಲನ್ನು ಅವರ ಕಡೆಗೇ ಎಸೆಯುತ್ತಿದ್ದಳು.

ಒಂದು ಸಂಜೆ ಶಿಫ್ಟು ಬಿಟ್ಟು ಬಸ್ಸಿಗೆ ಸಾಲಿನಲ್ಲಿ ನಿಂತಿದ್ದಾಗ ಬೆನ್ನಿಗೆ ಯಾರದೋ ಬೆರಳು ತಾಗಿದಂತಾಯಿತು, ಮತ್ತೆ ತಾಗಿತು. ನೂಕುನುಗ್ಗಲು ಎಂದುಕೊಂಡಳು. ಬಸ್ಸಿನಲ್ಲಿ ಹಿಂದೆ ಕಿಸಕ್ ಎಂದು ನಗು. ಇಳಿದು ಮಾರುಕಟ್ಟೆಯ ಬೀದಿಯಲ್ಲಿ ನಡೆಯುವಾಗ ಅಂಗಡಿಯವರೂ ನೋಡಿ ನಕ್ಕರು. ಮನೆಗೆ ಬಂದು ಬೆನ್ನು ತಿರುಗಿಸಿದಾಗ ತಮ್ಮನ ಹೆಂಡತಿ ಕೂಗಿಕೊಂಡಳು. ಬೆನ್ನನ್ನೂ ಮುಚ್ಚುವ ಕಾರ್ಖಾನೆಯ ಏಪ್ರನ್ನಿನ ಮೇಲೆ, ಕತ್ತಿನಿಂದ ಸೊಂಟದವರೆಗೆ, ಕೆಂಪು ಬಾಣಗಳು. ಅವಳು ಒಂದೊಂದಾಗಿ ಎಣಿಸುತ್ತಾ ಕಿತ್ತಳು.

"ಹದಿನೇಳು," ಎಂದಳು ಕೊನೆಗೆ. "ಇಷ್ಟು ವರ್ಷದಲ್ಲಿ ನಿನ್ನಲ್ಲಿ ನನಗೇ ಇಷ್ಟು ತಪ್ಪು ಸಿಕ್ಕಿರಲಿಲ್ಲ."

ಗೀಚಕ್ಕ ಏಪ್ರನ್ ಕಳಚಿ ಕೈಗೆತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಅಳು ಬರಲಿಲ್ಲ.

ಮರುದಿನ ರಜ ಹಾಕಿ ಕಾಜಾದವಳ ಮನೆ ಹುಡುಕಿಕೊಂಡು ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ, ಹತ್ತಲು ಕಬ್ಬಿಣದ ಮೆಟ್ಟಿಲು, ಕೆಳಗಿನಿಂದ ರಬ್ಬರ್ ಅಂಟಿನ ವಾಸನೆ. ಕಾಜಾದವಳು ಬಾಗಿಲು ತೆರೆದು, ಯಾರೆಂದು ನೋಡಿ, ಮುಚ್ಚಲು ಹೋದಳು. ಬಲಗೈಯಲ್ಲಿ ಬಾಗಿಲು ತಳ್ಳಲಾಗದೆ ಎಡಗೈ ತರುವಷ್ಟರಲ್ಲಿ ಗೀಚಕ್ಕ ಹೊಸ್ತಿಲಲ್ಲಿ ಕಾಲಿಟ್ಟಿದ್ದಳು. ಕೂರು ಎನ್ನುವವರಿಲ್ಲ. ಅಲ್ಲೇ ನಿಂತು, ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ, ಚಿತ್ರ ಚೆನ್ನಾಗಿದೆ ಅಂತ ಕೊಟ್ಟೆ, ಇನ್‌ಚಾರ್ಜ್ ಇಷ್ಟು ಹಾಳು ಮನುಷ್ಯ ಅಂತ ಯಾರಿಗೆ ಗೊತ್ತಿತ್ತು ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು.

"ನಿನಗೆ ಗೊತ್ತಿತ್ತು," ಎಂದಳು ಕಾಜಾದವಳು. "ಅವನ ಚಿತ್ರ ಎಷ್ಟು ಬರೆದಿದೀಯ ನೀನು? ನನಗೇ ತೋರಿಸಿದ್ಯಲ್ಲ, ಬಾಯಿ ಮುಚ್ಕೊಂಡು ನಕ್ಕಿದ್ವಿ. ಅವು ಯಾಕೆ ಗೋಡೆ ಮೇಲೆ ಇರಲಿಲ್ಲ?"

ಕಾಜಾದವಳು ಬಾಗಿಲಿನಿಂದ ಕೈ ತೆಗೆದಳು.

"ನನ್ನ ಕೈ ಬರೀಬೇಡ ಅಂದಿದ್ದೆ. ಬರೆದೆ. ಬರೆದು ಊರಿಗೆಲ್ಲ ತೋರಿಸಿದೆ. ಆ ಕೈನ ಹಾಗೆ ಮಾಡಿದೋನನ್ನ ಮಾತ್ರ ಜೋಪಾನವಾಗಿ ಮನೇಲಿಟ್ಕೊಂಡೆ."

ಇಷ್ಟು ಹೇಳಿ ಅವಳು ಮೂಲೆಯ ಪೆಟ್ಟಿಗೆಯ ಮೇಲಿಂದ ಒಂದು ಕಾಗದ ತಂದು ಗೀಚಕ್ಕನ ಮುಖಕ್ಕೆ ಹಿಡಿದಳು. ಕೆಲಸದಿಂದ ಕೈ ಹೋಯಿತು ಎಂದು ಅವಳು ಕಾರ್ಮಿಕ ಕಚೇರಿಗೆ ಕೊಟ್ಟ ಅರ್ಜಿಗೆ ಕಾರ್ಖಾನೆಯ ಉತ್ತರ. ಕೆ-೧೧ ಯಂತ್ರವನ್ನು ನಾಲ್ಕು ವರ್ಷದ ಹಿಂದೆಯೇ ಗುಜರಿಗೆ ಹಾಕಲಾಗಿದೆ, ಆಮೇಲೆ ಆಕೆ ಕೆಲಸ ಮಾಡಿದ್ದು ಕಾಲಲ್ಲಿ ಒತ್ತುವ ಯಂತ್ರದಲ್ಲಿ, ಕೈಯ ತೊಂದರೆ ಮನೆಕೆಲಸದಿಂದ ಬಂದಿರಬೇಕು, ಅದು ಮೇಲ್ವಿಚಾರಕರ ಗಮನಕ್ಕೆ ಬಂದೇ ಇರಲಿಲ್ಲ ಎಂದಿತ್ತು. ಗೀಚಕ್ಕ ಶರ್ಟು ನೋಡುವ ಹಾಗೆ ಅದನ್ನು ಮೇಲಿನಿಂದ ಕೆಳಗೆ ಓದಿದಳು. ಒಂದೊಂದು ಸಾಲಿಗೂ ಒಂದೊಂದು ಬಾಣ ಬೀಳಬೇಕಿತ್ತು.

ನನ್ನ ಚಿತ್ರಗಳಲ್ಲಿ ಎಲ್ಲ ಇದೆ, ಒಂಬತ್ತರಲ್ಲೂ ಕೆ-೧೧ ಯಂತ್ರ ಇದೆ, ಹಿಂದೆ ಹಲಗೆಯ ಮೇಲೆ ತಾರೀಖೂ ಇದೆ, ತಂದುಕೊಡುತ್ತೇನೆ ಎಂದಳು.

"ತಂದುಕೊಟ್ಟರೆ ಆಯ್ತಾ? ಬಂದು ನಿಂತು ಹೇಳ್ತೀಯಾ?" ಎಂದಳು ಕಾಜಾದವಳು. ಗೀಚಕ್ಕ ಹೂಂ ಎಂದಳು. "ಮೊದಲು ಒಂದ್ಸಲ ಹೂಂ ಅಂದಿದ್ದೆ," ಎಂದು ಕಾಜಾದವಳು ಬಾಗಿಲು ಹಾಕಿಕೊಂಡಳು.

ಕಾರ್ಮಿಕ ಕಚೇರಿಯ ಅಧಿಕಾರಿ ನೆಗಡಿಯಿಂದ ಮೂಗು ಕೆಂಪಾದ ಮನುಷ್ಯ. ಯಾರ ಪರವಾಗಿಯೂ ಇದ್ದಂತೆ ಕಾಣಲಿಲ್ಲ, ಊಟದ ಹೊತ್ತಿನ ಪರವಾಗಿ ಇದ್ದಂತಿತ್ತು. ಉದ್ದನೆಯ ಮೇಜಿನ ಒಂದು ಕಡೆ ಇನ್‌ಚಾರ್ಜ್, ಕಾರ್ಖಾನೆಯ ವಕೀಲ, ವೆಲ್‌ಫೇರ್ ಮೇಡಂ. ಇನ್ನೊಂದು ಕಡೆ ಇಬ್ಬರು ಹೆಂಗಸರು, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟುಕೊಂಡು. ಗೀಚಕ್ಕ ಒಂಬತ್ತು ರಟ್ಟುಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಇಟ್ಟಳು. ಮೊದಲನೆಯದರಲ್ಲಿ ಐದು ಬೆರಳೂ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು. ಮೂರನೆಯದರಲ್ಲಿ ಚಿಂದಿ. ಐದನೆಯದರಲ್ಲಿ ಎರಡು ಬೆರಳು ಹಿಡಿಯಿಂದ ಬಿಟ್ಟುಕೊಂಡು ಗಾಳಿಯಲ್ಲಿ. ಏಳನೆಯದರಲ್ಲಿ ಸ್ಟಾಪ್‌ವಾಚ್ ಹಿಡಿದ ಇನ್‌ಚಾರ್ಜ್. ಒಂಬತ್ತನೆಯದರಲ್ಲಿ ಎಡಗೈ.

ಅಧಿಕಾರಿ ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟ. "ಇದು ಚಿತ್ರ ಕಣಮ್ಮ," ಎಂದ. "ನಾಳೆ ನಾನು ಒಂದು ಬಿಳಿ ಆನೆ ಬರ್ಕೊಂಡು ಬಂದರೆ ನೀನು ಮೇವು ತಂದು ಹಾಕ್ತೀಯಾ?"

ವಕೀಲ ನಕ್ಕ. ಇನ್‌ಚಾರ್ಜ್ ಎದ್ದು, ಈಕೆ ಊಟದ ಹೊತ್ತಿನಲ್ಲಿ ಮನಸ್ಸಿಗೆ ಬಂದದ್ದು ಗೀಚುತ್ತಾಳೆ, ಎಲ್ಲರಿಗೂ ಗೊತ್ತು, ಇವೆಲ್ಲ ಅವಳ ಕಲ್ಪನೆ ಎಂದ.

ಗೀಚಕ್ಕನಿಗೆ ಬೆನ್ನಿಗೆ ಹದಿನೇಳು ಬಾಣ ಬಿದ್ದ ದಿನವೂ ಇಷ್ಟು ಸಿಟ್ಟು ಬಂದಿರಲಿಲ್ಲ. ಕಳ್ಳಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದಳು. ಮೊಣಕೈ ಒಂದು ಕೂದಲೆಳೆ ತಪ್ಪಿದರೂ ಬಾಣ ಅಂಟಿಸಿ ಮತ್ತೆ ಬರೆದವಳಿಗೆ ಕಲ್ಪನೆ ಎಂದರೆ ಹೇಗಾಗಬೇಡ!

"ನನಗೆ ಕಲ್ಪನೆ ಇಲ್ಲ ಸಾರ್," ಎಂದಳು. "ಇದ್ದಿದ್ದರೆ ಈ ಮನುಷ್ಯನ ಮುಖನ ಸ್ವಲ್ಪ ಚೆನ್ನಾಗಿ ಬರೀತಿದ್ದೆ."

ಅಧಿಕಾರಿ ಕರವಸ್ತ್ರ ಮೂಗಿಗೆ ಹಿಡಿದ. ಸೀನೋ ನಗುವೋ ತಿಳಿಯಲಿಲ್ಲ. ಅವನು ಏಳನೇ ರಟ್ಟನ್ನು ಮತ್ತೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಹಲಗೆಯ ಮೇಲಿನ ತಾರೀಖು ಎರಡು ವರ್ಷದ ಹಿಂದಿನದು. ಟಾರ್ಗೆಟ್ ಅರವತ್ತು, ಆದದ್ದು ನಲವತ್ತೊಂದು ಎಂದಿತ್ತು. ಅವನು ಕಾರ್ಖಾನೆಯವರ ದಪ್ಪ ರಿಜಿಸ್ಟರನ್ನು ಎಳೆದುಕೊಂಡು ಆ ತಾರೀಖಿನ ಪುಟ ತೆಗೆದ. ಅಲ್ಲಿ ಆ ಗಂಟೆಗೆ, ಆ ಸಾಲಿಗೆ, ನಲವತ್ತೊಂದು. ಇನ್ನೊಂದು ರಟ್ಟು ತೆಗೆದ, ಇನ್ನೊಂದು ಪುಟ ತೆಗೆದ. ಐದು ರಟ್ಟಿನಲ್ಲಿ ಐದೂ ಕೂಡಿಬಂದವು. ಬಿಳಿ ಆನೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಕೆ-೧೧ ಗುಜರಿಗೆ ಹೋದದ್ದಕ್ಕೆ ರಸೀದಿ ತನ್ನಿ ಎಂದು ಇನ್‌ಚಾರ್ಜ್‌ಗೆ ಹೇಳಿದ. ಇನ್‌ಚಾರ್ಜ್ ವಕೀಲನ ಮುಖ ನೋಡಿದ, ವಕೀಲ ಚಾವಣಿ ನೋಡಿದ.

ಮೂರನೇ ದಿನ ಅಧಿಕಾರಿ ಹೇಳದೆ ಕೇಳದೆ ಕಾರ್ಖಾನೆಗೆ ಬಂದು ಗೋದಾಮಿನ ಬಾಗಿಲು ತೆಗೆಸಿದನಂತೆ. ಟಾರ್ಪಾಲಿನ ಕೆಳಗೆ ಕೆ-೧೧ ಇತ್ತು, ಹಿಡಿಗೆ ಚಿಂದಿ ಸುತ್ತಿದ ಹಾಗೆಯೇ. ಇದನ್ನು ಗೀಚಕ್ಕ ಕೇಳಿ ತಿಳಿದದ್ದು, ಕಣ್ಣಾರೆ ನೋಡಿದ್ದಲ್ಲ. ಹೇಳಿಕೆ ಕೊಟ್ಟ ಮರುದಿನವೇ ಗೇಟಿನಲ್ಲಿ ಅವಳನ್ನು ತಡೆದಿದ್ದರು. ಕಾರ್ಖಾನೆಯ ಮಾಲು ಕದ್ದಿದ್ದಾಳೆ ಎಂದು ದೂರು. ಯಾವ ಮಾಲು? ಶರ್ಟಿನ ರಟ್ಟು, ಸುಮಾರು ಇನ್ನೂರು. ಅಲ್ಲ ಎನ್ನಲು ಬಾಯಿಲ್ಲ, ಒಂಬತ್ತನ್ನು ಅವಳೇ ಸರಕಾರದ ಮೇಜಿನ ಮೇಲೆ ಇಟ್ಟು ಬಂದಿದ್ದಳು. ಕಸಕ್ಕೆ ಹಾಕಿದ್ದನ್ನು ಎತ್ತಿಕೊಂಡೆ ಎಂದರೆ, ಕಸ ಕೂಡ ಕಂಪನಿಯದೇ ಎಂದರು. ಹದಿನಾಲ್ಕು ವರ್ಷದ ಕೆಲಸ ಹದಿನಾಲ್ಕು ನಿಮಿಷದಲ್ಲಿ ಮುಗಿಯಿತು. ವೆಲ್‌ಫೇರ್ ಮೇಡಂ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಅವಳನ್ನು ನೀನು ಎಂದಳು.

ತೀರ್ಪು ಬರುವವರೆಗಿನ ಐದು ತಿಂಗಳು ತಮ್ಮನ ಮನೆಯಲ್ಲಿ ಹೇಗೆ ಕಳೆಯಿತೆಂದು ಕೇಳಬೇಡಿ. ತಮ್ಮನ ಹೆಂಡತಿ ಅವಳ ತಟ್ಟೆಗೆ ಬಡಿಸುವಾಗ ಸೌಟು ತಟ್ಟೆಗೆ ತಾಗುವ ಸದ್ದೇ ಬೇರೆಯಾಯಿತು. ಮಂಚದ ಕೆಳಗಿನ ರಟ್ಟು ನೀರು ಕಾಯಿಸುವ ಒಲೆಗೆ ದಿನಕ್ಕೆರಡರಂತೆ ಹೋಗತೊಡಗಿದವು. ಗೀಚಕ್ಕ ನೋಡಿಯೂ ಸುಮ್ಮನಿದ್ದಳು, ಮೂರು ದಿನ. ನಾಲ್ಕನೇ ದಿನ ಒಲೆಯಿಂದ ಒಂದನ್ನು ಎಳೆದುಕೊಂಡಳು. ಅದರಲ್ಲಿ ಗಂಡ ಬಾಯಿ ತೆರೆದು ಮಲಗಿದ್ದ, ಅರ್ಧ ಸುಟ್ಟಿದ್ದ. ನೋಡಿ ಮತ್ತೆ ಒಲೆಗೇ ಹಾಕಿದಳು. ಉಳಿದದ್ದನ್ನು ಮುಟ್ಟಿದರೆ ನಿನ್ನನ್ನ ಬರೆದು ಬೀದಿ ಬಾಗಿಲಿಗೆ ಅಂಟಿಸ್ತೀನಿ ಎಂದು ತಮ್ಮನ ಹೆಂಡತಿಗೆ ಹೇಳಿದಳು. ಅವಳು ಹೆದರಿದಳೋ ಏನೋ, ಒಲೆಗೆ ಬೇರೆ ಸೌದೆ ಬಂತು.

ತೀರ್ಪು ಬಂದಾಗ ಅದು ಅರ್ಧ ಅಂಗೈಯಷ್ಟಿತ್ತು. ಕೈ ಕೆಲಸದಿಂದಲೇ ಹೋದದ್ದು ಎಂದು ಒಪ್ಪಿ, ಕಾಜಾದವಳನ್ನು ಹಗುರ ಕೆಲಸಕ್ಕೆ ವಾಪಸು ತೆಗೆದುಕೊಳ್ಳಬೇಕು ಎಂದಿತ್ತು. ಐವರ ಮೆಮೊ ಹಾಗೇ ಉಳಿಯಿತು. ಇನ್‌ಚಾರ್ಜ್‌ನನ್ನು ಇನ್ನೊಂದು ಕಾರ್ಖಾನೆಗೆ ಕಳಿಸಿದರು, ಅಲ್ಲಿ ಅವನಿಗೆ ಎರಡು ಮಹಡಿ. ಕಾರ್ಖಾನೆಯಲ್ಲಿ ಹಗುರ ಕೆಲಸವೆಂದು ಖಾಲಿ ಇದ್ದದ್ದು ಒಂದೇ. ಟ್ಯೂಬ್‌ಲೈಟಿನ ಕೆಳಗಿನ ಮೇಜು. ಕಾಜಾದವಳು ಅಲ್ಲಿ ಕೂತು ಎಡಗೈಯಲ್ಲಿ ಬಾಣ ಅಂಟಿಸತೊಡಗಿದಳು. ಮೊದಮೊದಲು ಸಾಲಿನವರು ಅವಳನ್ನು ನಕ್ಕು ಮಾತಾಡಿಸುತ್ತಿದ್ದರು, ಎರಡು ವಾರ ಕಳೆದ ಮೇಲೆ ನಗುವುದು ನಿಲ್ಲಿಸಿದರು ಎಂದು ಯಾರೋ ಬಂದು ಹೇಳಿದರು.

ಚಿತ್ರಗಳನ್ನು ವಾಪಸು ಒಯ್ಯಿರಿ ಎಂದು ಕಾರ್ಮಿಕ ಕಚೇರಿಯಿಂದ ಇಬ್ಬರಿಗೂ ಕಾಗದ ಬಂದಿತ್ತು. ಗೀಚಕ್ಕ ಹೋಗುವಷ್ಟರಲ್ಲಿ ಕಾಜಾದವಳು ಗುಮಾಸ್ತನ ಮುಂದೆ ಎಡಗೈಯಲ್ಲಿ ಸಹಿ ಮಾಡಿ, ದಾರ ಕಟ್ಟಿದ ಒಂಬತ್ತು ರಟ್ಟನ್ನು ಕಂಕುಳಲ್ಲಿ ಇರುಕಿಕೊಂಡಿದ್ದಳು.

"ಅವು ನನ್ನವು," ಎಂದಳು ಗೀಚಕ್ಕ.

"ಇದರಲ್ಲಿರೋದು ನಾನು."

"ಬರೆದದ್ದು ನಾನು."

"ನೀನು ಬರೆಯೋಕೆ ನಾನು ಆರು ವರ್ಷ ಆ ಹಿಡಿ ಒತ್ತಿದೀನಿ. ನೀನು ಏನು ಒತ್ತಿದೆ?"

ಗೀಚಕ್ಕ ಕಟ್ಟಿನ ತುದಿ ಹಿಡಿದಳು. ಒಂದೇ ಒಂದು ಕೊಡು, ಕೈಯದ್ದು ಎಂದಳು. ಕಾಜಾದವಳು ಎಳೆದುಕೊಂಡಳು. ಇವಳೂ ಎಳೆದಳು. ಗುಮಾಸ್ತ, ಜಗಳ ಇದ್ದರೆ ಹೊರಗೆ ಮಾಡ್ಕೊಳ್ಳಿ ಎಂದ. ಕೂತಿದ್ದವರೆಲ್ಲ ತಿರುಗಿ ನೋಡಿದರು. ಕಾಜಾದವಳು ಬಲಗೈಯನ್ನೂ ಕಟ್ಟಿನ ಮೇಲೆ ತಂದಳು. ಆ ಎರಡು ಬೆರಳು ರಟ್ಟಿನ ಅಂಚಿಗೆ ತಾಗಿ ಮಡಚಿಕೊಳ್ಳದೆ ಹಾಗೇ ಜಾರಿದವು. ಗೀಚಕ್ಕ ಕೈ ಬಿಟ್ಟಳು. ಕನಿಕರದಿಂದ ಬಿಟ್ಟದ್ದಲ್ಲ ಎಂದು ಇಂದಿಗೂ ಹೇಳುತ್ತಾಳೆ. ಜನ ನೋಡುತ್ತಿದ್ದರು, ಅದಕ್ಕೆ ಬಿಟ್ಟೆ ಎನ್ನುತ್ತಾಳೆ. ಕಾಜಾದವಳು ಥ್ಯಾಂಕ್ಸ್ ಎನ್ನಲಿಲ್ಲ, ಹೋಗ್ತೀನಿ ಎನ್ನಲಿಲ್ಲ. ಮೆಟ್ಟಿಲಿಳಿದು, ಬಸ್ಸು ಬರುವ ಕಡೆಗೆ ಮುಖ ಮಾಡಿ ನಿಂತಳು. ಗೀಚಕ್ಕ ಬೇರೆ ಬಸ್ಸಿಗೆ ಹೋದಳು. ಅವರಿಬ್ಬರ ನಡುವೆ ಆಮೇಲೆ ಮಾತಿಲ್ಲ.

ಈಗ ಗೀಚಕ್ಕ ದಿಂಬಿನ ಚೀಲ ಹೊಲಿಯುವ ಒಂದು ಸಣ್ಣ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ತಗಡಿನ ಚಾವಣಿ, ನಾಲ್ಕು ಯಂತ್ರ, ಮೂಲೆಯಲ್ಲಿ ಚಾವಣಿ ಮುಟ್ಟುವ ಹತ್ತಿಯ ರಾಶಿ, ಎಲ್ಲರ ಹುಬ್ಬಿನ ಮೇಲೂ ಬಿಳಿ ನಾರು. ಸುದ್ದಿ ಅವಳಿಗಿಂತ ಮುಂಚೆಯೇ ಅಲ್ಲಿಗೆ ತಲುಪಿತ್ತು. ಮೊದಲ ದಿನವೇ ಎದುರಿನ ಯಂತ್ರದ ದಪ್ಪನೆಯ ಹೆಂಗಸು, ನನ್ನನ್ನ ಬರೆಯೋ ಹಾಗಿಲ್ಲ, ಈಗಲೇ ಹೇಳಿದೀನಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಗೀಚಕ್ಕ ಸರಿ ಎಂದಳು. ಅವಳು ಸರಿ ಎಂದದ್ದನ್ನು ಯಾರೂ ನಂಬಲಿಲ್ಲ. ವಾರ ಕಳೆದು, ದಾರದ ಡಬ್ಬದ ಮುಚ್ಚಳದ ಒಳಬದಿಯಲ್ಲಿ ಆ ಅಂಗಡಿಯನ್ನು ಬರೆದಳು. ಹತ್ತಿಯ ರಾಶಿ ಇತ್ತು, ಉಳಿದ ಇಬ್ಬರಿದ್ದರು, ಎದುರಿನ ಯಂತ್ರ ಇತ್ತು, ಅದರ ಮುಂದಿನ ಕುರ್ಚಿ, ಕುರ್ಚಿಯ ಬೆನ್ನಿಗೆ ನೇತುಹಾಕಿದ ಚೀಲ, ಕೆಳಗೆ ಕಳಚಿಟ್ಟ ಚಪ್ಪಲಿ ಕೂಡ ಇತ್ತು. ಕುರ್ಚಿ ಮಾತ್ರ ಖಾಲಿ.

ದಪ್ಪನೆಯವಳು ಚಹಾದ ಹೊತ್ತಿನಲ್ಲಿ ಅದನ್ನು ಕಿತ್ತುಕೊಂಡು ಬಹಳ ಹೊತ್ತು ನೋಡಿದಳು.

"ನಾನೆಲ್ಲಿ?" ಎಂದಳು.

"ಬೇಡ ಅಂದ್ಯಲ್ಲ."

ದಪ್ಪನೆಯವಳು ಮುಚ್ಚಳವನ್ನು ಮೇಜಿನ ಮೇಲೆ ಕುಕ್ಕಿ, ಮೂತಿ ತಿರುವಿಕೊಂಡು ತನ್ನ ಕುರ್ಚಿಗೆ ಹೋಗಿ ಕೂತಳು. ಅಂದು ಸಂಜೆಯವರೆಗೂ ಅವಳ ಮುಖದ ಗಂಟು ಬಿಚ್ಚಲಿಲ್ಲ. ಗೀಚಕ್ಕ ಸೂಜಿಗೆ ದಾರ ಪೋಣಿಸಿ ಕೆಲಸಕ್ಕೆ ಬಾಗಿದಳು.